ಮಾರಿಷಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಡೋಡೊ, ಕಬ್ಬು, ಕೂಲಿ ಮತ್ತು 'ಮಿನಿ ಇಂಡಿಯಾ' ಅನ್ನೋ ಮಾತು

ಮಾರಿಷಸ್ ಅಂದ ಕೂಡಲೇ ನಮ್ಮಲ್ಲಿ ಎರಡೇ ಮಾತು ಬರುತ್ತವೆ. ಒಂದು ಹನಿಮೂನ್. ಇನ್ನೊಂದು 'ಅಲ್ಲಿರೋರೆಲ್ಲ ನಮ್ಮವರೇ ಅಂತೆ'. ಮೊದಲನೆಯದನ್ನು ಟ್ರಾವೆಲ್ ಏಜೆಂಟರ ಹತ್ತಿರ ಕೇಳಿ. ಎರಡನೆಯದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಒಂದು ಸಲ ಅಲ್ಲಿಗೆ ಹೋಗಿ ಬಂದೆ, ಆಮೇಲೆ ಆ ದ್ವೀಪದ ಚರಿತ್ರೆ ಓದುವ ಹುಚ್ಚು ಹತ್ತಿತು, ಇನ್ನೂ ಇಳಿದಿಲ್ಲ. ನೆಂಟರು, ಆಫೀಸಿನವರು, ವಾಟ್ಸಾಪ್ ಗುಂಪಿನವರು ಕೇಳಿದ್ದನ್ನೇ ಕೇಳುತ್ತಾರೆ. ಪ್ರತಿ ಸಲ ಟೈಪ್ ಮಾಡಿ ಬೆರಳು ನೋಯಿಸಿಕೊಳ್ಳುವ ಬದಲು ಎಲ್ಲಾ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮಾರಿಷಸ್ ಎಲ್ಲಿದೆ? ಎಷ್ಟು ದೊಡ್ಡ ದೇಶ?

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನಿಂದ ಪೂರ್ವಕ್ಕೆ. ಮುಖ್ಯ ದ್ವೀಪ ಸುಮಾರು 1,865 ಚದರ ಕಿಲೋಮೀಟರ್, ಅಂದ್ರೆ ನಮ್ಮ ಕೊಡಗಿನ ಅರ್ಧಕ್ಕಿಂತ ಕಮ್ಮಿ. ಜನಸಂಖ್ಯೆ ಹನ್ನೆರಡೂವರೆ ಲಕ್ಷದ ಆಸುಪಾಸು. ಇನ್ನೂ 560 ಕಿಲೋಮೀಟರ್ ಪೂರ್ವಕ್ಕೆ ಹೋದರೆ ರೊಡ್ರಿಗ್ಸ್ ಅನ್ನೋ ಪುಟ್ಟ ದ್ವೀಪ ಸಿಗುತ್ತದೆ, ಅದೂ ಇದೇ ದೇಶದ್ದು.

ಅಲ್ಲಿನ ಮೂಲನಿವಾಸಿಗಳು ಯಾರು?

ಯಾರೂ ಇಲ್ಲ. ಇದನ್ನು ಮೊದಲು ತಲೆಗೆ ಹಾಕಿಕೊಂಡರೆ ಮುಂದಿನದೆಲ್ಲ ಸುಲಭ.

ಅರಬ್ ನಾವಿಕರಿಗೆ ಈ ದ್ವೀಪ ಗೊತ್ತಿತ್ತು, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಬಂದು ನೀರು ತುಂಬಿಕೊಂಡು ಹೋದರು, ಆದರೆ ಯಾರೂ ಮನೆ ಕಟ್ಟಲಿಲ್ಲ. 1598ರಲ್ಲಿ ಡಚ್ಚರು ಬಂದು ತಮ್ಮ ರಾಜಕುಮಾರ ಮೌರಿಟ್ಸ್ ಹೆಸರಿಟ್ಟರು. 1638ರಲ್ಲಿ ಮೊದಲ ಸಲ ನೆಲೆ ನಿಂತರು. ಅಂದ್ರೆ ಅಲ್ಲಿ ಇವತ್ತು ಇರುವ ಪ್ರತಿಯೊಬ್ಬರ ಅಜ್ಜ ಮುತ್ತಜ್ಜಂದಿರೂ ಹಡಗಿನಿಂದ ಇಳಿದವರೇ. ಕೆಲವರು ಟಿಕೆಟ್ ಕೊಂಡು ಬಂದರು, ಕೆಲವರನ್ನು ಸರಪಳಿ ಹಾಕಿ ತಂದರು, ಕೆಲವರು ಹೆಬ್ಬೆಟ್ಟು ಒತ್ತಿ ಬಂದರು. ಯಾರು ಯಾವ ಥರ ಇಳಿದರು ಅನ್ನೋದರ ಮೇಲೆ ಇವತ್ತಿಗೂ ಯಾರ ಹತ್ತಿರ ಎಷ್ಟು ಜಮೀನಿದೆ ಅನ್ನೋದು ಹೆಚ್ಚುಕಮ್ಮಿ ಗೊತ್ತಾಗುತ್ತದೆ.

ಡೋಡೊ ಹಕ್ಕಿ ನಿಜವಾಗಲೂ ಅಲ್ಲಿತ್ತಾ?

ಇತ್ತು, ಅಲ್ಲಿ ಮಾತ್ರ ಇತ್ತು. ಹಾರಲು ಬಾರದ, ಟರ್ಕಿ ಕೋಳಿಗಿಂತ ದಪ್ಪದ ಹಕ್ಕಿ. ಮನುಷ್ಯರನ್ನೇ ನೋಡಿರದ ಕಾರಣ ಹೆದರುತ್ತಿರಲಿಲ್ಲ. ನಾವಿಕರು ಹೊಡೆದು ತಿಂದರು ನಿಜ, ಆದರೆ ಹೆಚ್ಚು ಹಾಳು ಮಾಡಿದ್ದು ಹಡಗಿನ ಜೊತೆ ಬಂದ ಇಲಿ, ಹಂದಿ, ಕೋತಿಗಳು. ನೆಲದ ಮೇಲೆ ಇಟ್ಟ ಮೊಟ್ಟೆ ಉಳಿಯಲಿಲ್ಲ. 1662ರ ನಂತರ ಅದನ್ನು ಕಂಡವರ ನಂಬುವಂಥ ದಾಖಲೆ ಇಲ್ಲ. ನೂರು ವರ್ಷವೂ ಹಿಡಿಯಲಿಲ್ಲ ನೋಡಿ. ಈಗ ಅದೇ ಹಕ್ಕಿ ದೇಶದ ಲಾಂಛನದಲ್ಲಿದೆ, ಕೀಚೈನಿನಲ್ಲಿದೆ, ಟೀ ಶರ್ಟಿನ ಮೇಲಿದೆ.

ಡಚ್ಚರು ಕಪ್ಪು ಎಬೊನಿ ಮರ ಕಡಿದು ಸಾಗಿಸಿದರು, ಜಾವಾದಿಂದ ಕಬ್ಬು ಮತ್ತು ಜಿಂಕೆ ತಂದರು, 1710ರಲ್ಲಿ ಬೇಸತ್ತು ಖಾಲಿ ಮಾಡಿದರು. ಕಬ್ಬು ಉಳಿಯಿತು.

ಫ್ರೆಂಚರು ಏನು ಮಾಡಿದರು?

1715ರಲ್ಲಿ ಬಾವುಟ ನೆಟ್ಟು 'ಇಲ್ ದ ಫ್ರಾನ್ಸ್' ಅಂತ ಹೊಸ ಹೆಸರಿಟ್ಟರು. ನಿಜವಾಗಿ ಊರು ಕಟ್ಟಿದ್ದು 1735ರಲ್ಲಿ ಗವರ್ನರ್ ಆಗಿ ಬಂದ ಮಾಹೆ ದ ಲಾ ಬೂರ್ದೊನೆ. ರಾಜಧಾನಿ ಪೋರ್ಟ್ ಲೂಯಿಯ ಬಂದರು, ಆಸ್ಪತ್ರೆ, ರಸ್ತೆ ಎಲ್ಲಾ ಅವನ ಕಾಲದ್ದು. ಕಟ್ಟಿದ ಕೈ ಮಾತ್ರ ಅವನದ್ದಲ್ಲ. ಮಡಗಾಸ್ಕರ್ ಮತ್ತು ಮೊಜಾಂಬಿಕ್ ಕಡೆಯಿಂದ ತಂದ ಗುಲಾಮರು, ಜೊತೆಗೆ ಪುದುಚೇರಿ ಕಡೆಯಿಂದ ಬಂದ ಕಲ್ಲುಕುಟಿಗರು, ಬಡಗಿಗಳು. ಪೋರ್ಟ್ ಲೂಯಿಯಲ್ಲಿ ಇವತ್ತಿಗೂ 'ಮಲಬಾರಿಗಳ ಕ್ಯಾಂಪ್' ಅಂತ ಕರೆಸಿಕೊಂಡಿದ್ದ ಹಳೆ ಬಡಾವಣೆ ಇದೆ. ಅಂದ್ರೆ ಕಬ್ಬಿನ ಕೂಲಿಗಳು ಬರುವ ನೂರು ವರ್ಷ ಮೊದಲೇ ದಕ್ಷಿಣ ಭಾರತದವರು ಅಲ್ಲಿದ್ದರು. ಇದೇ ಲಾ ಬೂರ್ದೊನೆ 1746ರಲ್ಲಿ ಇಲ್ಲಿಂದಲೇ ಹಡಗು ತಗೊಂಡು ಹೋಗಿ ಬ್ರಿಟಿಷರ ಮದರಾಸನ್ನು ಹಿಡಿದ.

ಪಿಯೆರ್ ಪ್ವಾವ್ರ್ ಅನ್ನೋ ಇನ್ನೊಬ್ಬ ಅಧಿಕಾರಿ ಡಚ್ಚರ ಕಣ್ಣು ತಪ್ಪಿಸಿ ಜಾಯಿಕಾಯಿ, ಲವಂಗದ ಸಸಿ ತರಿಸಿ ಪಾಂಪ್ಲೆಮೂಸ್ ತೋಟದಲ್ಲಿ ನೆಟ್ಟ. ಆ ತೋಟ ಈಗಲೂ ಇದೆ, ಟೂರಿಸ್ಟುಗಳು ತಟ್ಟೆಯಂಥ ದೊಡ್ಡ ತಾವರೆ ಎಲೆ ನೋಡಲು ಹೋಗುವ ಜಾಗ ಅದೇ.

ಟಿಪ್ಪು ಸುಲ್ತಾನನಿಗೂ ಮಾರಿಷಸ್‌ಗೂ ಏನೋ ಸಂಬಂಧ ಇದೆ ಅಂತಾರಲ್ಲ?

ಇದೆ. ಹೈದರಾಲಿ ಕಾಲದಿಂದಲೇ ಶ್ರೀರಂಗಪಟ್ಟಣಕ್ಕೆ ಫ್ರೆಂಚರ ಸಹಾಯ ಬರುತ್ತಿದ್ದ ದಾರಿ ಇದು. 1782ರಲ್ಲಿ ಕಡಲೂರಿನಲ್ಲಿ ಹೈದರನನ್ನು ಭೇಟಿ ಮಾಡಿದ ಫ್ರೆಂಚ್ ನೌಕಾಪಡೆಯ ಸುಫ್ರೆನ್ ಬಂದದ್ದೂ ಈ ದ್ವೀಪದಿಂದಲೇ.

ಆದರೆ ಎಡವಟ್ಟಾದದ್ದು ಟಿಪ್ಪು ಕಾಲದಲ್ಲಿ. 1797ರಲ್ಲಿ ರಿಪೊ ಅನ್ನೋ ಫ್ರೆಂಚ್ ಕಡಲುಗಳ್ಳ ಹಡಗು ಕೆಟ್ಟು ಮಂಗಳೂರು ಸೇರಿದ. ದ್ವೀಪದಲ್ಲಿ ದೊಡ್ಡ ಸೈನ್ಯ ಕಾದು ಕೂತಿದೆ, ನೀವು ಹೂಂ ಅಂದರೆ ಸಾಕು ಅಂತ ಟಿಪ್ಪುವನ್ನು ನಂಬಿಸಿದ. ಟಿಪ್ಪು ಗುಟ್ಟಾಗಿ ರಾಯಭಾರಿಗಳನ್ನು ಕಳಿಸಿದ. ಅಲ್ಲಿ ನೋಡಿದರೆ ಗವರ್ನರ್ ಮಲಾರ್ತಿಕ್ ಹತ್ತಿರ ಕೊಡೋಕೆ ಸೈನಿಕರೇ ಇಲ್ಲ. ಸುಮ್ನೆ ಇಲ್ಲ ಅಂದು ಕಳಿಸಿದ್ದರೆ ಆಗುತ್ತಿತ್ತು. ಅವನು 1798ರ ಜನವರಿ 30ರಂದು ಬಹಿರಂಗ ಪ್ರಕಟಣೆ ಹೊರಡಿಸಿದ: ಮೈಸೂರಿನ ಸುಲ್ತಾನ ಬ್ರಿಟಿಷರ ಮೇಲೆ ಯುದ್ಧಕ್ಕೆ ನಮ್ಮ ಸಹಾಯ ಕೇಳಿದ್ದಾನೆ, ಬರೋರು ಬನ್ನಿ. ಗುಟ್ಟು ಊರಿಗೆಲ್ಲ ಗೊತ್ತಾಯಿತು. ಇಷ್ಟೆಲ್ಲ ಮಾಡಿ ಮಂಗಳೂರಿನಲ್ಲಿ ಇಳಿದವರು ನೂರು ಜನವೂ ಇಲ್ಲ. ಪ್ರಕಟಣೆಯ ಪ್ರತಿ ಮಾತ್ರ ಕಲ್ಕತ್ತಾಗೆ ತಲುಪಿತು. ಯುದ್ಧಕ್ಕೆ ನೆಪ ಹುಡುಕುತ್ತಿದ್ದ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಾಯಿತು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಆ ಪ್ರಕಟಣೆ ಇಲ್ಲದಿದ್ದರೂ ಯುದ್ಧ ಆಗುತ್ತಿತ್ತು ಅಂತಲೇ ನನ್ನ ಲೆಕ್ಕ. ಆದರೂ ಅದನ್ನು ಓದುವಾಗ ಹೊಟ್ಟೆ ಉರಿಯುತ್ತದೆ.

ಬ್ರಿಟಿಷರ ವಸಾಹತು ಆಗಿತ್ತಲ್ಲ, ಮತ್ಯಾಕೆ ಅಲ್ಲಿ ಎಲ್ಲರೂ ಫ್ರೆಂಚ್ ಮಾತಾಡ್ತಾರೆ?

ಬ್ರಿಟಿಷರು 1810ರಲ್ಲಿ ಗೆದ್ದರು. ಅದೇ ವರ್ಷ ಆಗಸ್ಟಿನಲ್ಲಿ ಗ್ರಾಂಡ್ ಪೋರ್ಟ್‌ನ ಸಮುದ್ರ ಯುದ್ಧದಲ್ಲಿ ಸೋತು, ಡಿಸೆಂಬರಿನಲ್ಲಿ ಉತ್ತರದ ಕಡೆಯಿಂದ ನುಗ್ಗಿ ಹಿಡಿದರು. ಅವರಿಗೆ ಬೇಕಾಗಿದ್ದದ್ದು ಭಾರತಕ್ಕೆ ಹೋಗುವ ದಾರಿಯ ಬಂದರು, ಅಷ್ಟೇ. ಹಾಗಾಗಿ ಇದ್ದ ಫ್ರೆಂಚ್ ಜಮೀನ್ದಾರರಿಗೆ ನಿಮ್ಮ ಭಾಷೆ, ಕಾನೂನು, ಧರ್ಮ, ಆಸ್ತಿ ಎಲ್ಲಾ ಹಾಗೇ ಇರಲಿ ಅಂತ ಒಪ್ಪಂದ ಮಾಡಿಕೊಂಡರು. ಆಸ್ತಿಯಲ್ಲಿ ಗುಲಾಮರೂ ಸೇರಿದ್ದರು ಅನ್ನೋದು ಮರೀಬೇಡಿ. ಆಫೀಸು ಇಂಗ್ಲಿಷರದ್ದು, ಕಬ್ಬಿನ ಗದ್ದೆ ಫ್ರೆಂಚರದ್ದು. ಈ ಏರ್ಪಾಡು ನೂರೈವತ್ತು ವರ್ಷ ನಡೆಯಿತು.

ಗುಲಾಮಗಿರಿ ಮುಗಿದಾಗ ಗುಲಾಮರಿಗೆ ಏನು ಸಿಕ್ಕಿತು?

ಏನೂ ಇಲ್ಲ. ಪರಿಹಾರ ಸಿಕ್ಕಿದ್ದು ಮಾಲೀಕರಿಗೆ. 1835ರ ಫೆಬ್ರವರಿ 1ರಂದು ಬಿಡುಗಡೆ ಘೋಷಣೆ ಆಯಿತು. ಅರವತ್ತು ಸಾವಿರಕ್ಕೂ ಜಾಸ್ತಿ ಜನ ಗುಲಾಮರಿದ್ದರು. ಅವರನ್ನು 'ಕಳೆದುಕೊಂಡ' ಮಾಲೀಕರಿಗೆ ಬ್ರಿಟಿಷ್ ಸರ್ಕಾರ 20 ಲಕ್ಷ ಪೌಂಡಿಗೂ ಜಾಸ್ತಿ ಕೊಟ್ಟಿತು. ಬಿಡುಗಡೆ ಆದವರು ಮಾತ್ರ 'ತರಬೇತಿ' ಹೆಸರಿನಲ್ಲಿ ಇನ್ನೂ ನಾಲ್ಕು ವರ್ಷ ಅದೇ ಮಾಲೀಕರ ಹತ್ತಿರ ದುಡಿಯಬೇಕಿತ್ತು. 1839ರಲ್ಲಿ ಅದೂ ಮುಗಿದಾಗ ಬಹಳ ಜನ ಕಬ್ಬಿನ ಗದ್ದೆಗೆ ಬೆನ್ನು ತಿರುಗಿಸಿ ನಡೆದರು. ಸಮುದ್ರದ ದಡಕ್ಕೆ ಹೋದರು, ಮೀನು ಹಿಡಿದರು, ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿಕೊಂಡರು.

ನೈಋತ್ಯದ ತುದಿಯಲ್ಲಿ ಲ ಮೋರ್ನ್ ಅಂತ ಒಂದು ಕಡಿದಾದ ಬೆಟ್ಟ ಇದೆ, ಓಡಿಹೋದ ಗುಲಾಮರು ಅಡಗಿಕೊಳ್ಳುತ್ತಿದ್ದ ಜಾಗ. ಬಿಡುಗಡೆಯ ಸುದ್ದಿ ಹೇಳಲು ಪೊಲೀಸರು ಹತ್ತಿ ಬಂದಾಗ, ಹಿಡಿಯಲು ಬಂದರು ಅಂದುಕೊಂಡು ಮೇಲಿದ್ದವರು ಕೆಳಗೆ ಹಾರಿದರು ಅಂತ ಜನ ಹೇಳುವ ಕಥೆ. ದಾಖಲೆ ಕೇಳಬೇಡಿ, ಅದು ಬಾಯಿಂದ ಬಾಯಿಗೆ ಬಂದದ್ದು. ಬೆಟ್ಟವನ್ನು ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ. ಈಗ ಅದರ ಬುಡದಲ್ಲಿ ರೆಸಾರ್ಟುಗಳ ಸಾಲು.

ಭಾರತೀಯರು ಅಲ್ಲಿಗೆ ಹೇಗೆ ಹೋದರು?

ಗುಲಾಮರು ಬಿಟ್ಟು ಹೋದ ಕೆಲಸಕ್ಕೆ. 1825ರಲ್ಲಿ ಬ್ರಿಟನ್ ಮಾರಿಷಸ್ ಸಕ್ಕರೆ ಮೇಲಿನ ಸುಂಕವನ್ನು ವೆಸ್ಟ್ ಇಂಡೀಸ್ ಸಕ್ಕರೆಯ ಮಟ್ಟಕ್ಕೆ ಇಳಿಸಿತ್ತು. ಎಲ್ಲೆಲ್ಲೂ ಕಬ್ಬು, ಕಬ್ಬು, ಕಬ್ಬು. ಕಡಿಯಲು ಆಳು ಬೇಕು, ಅಗ್ಗಕ್ಕೆ ಬೇಕು. ಬ್ರಿಟಿಷರ ಕಾಲದಲ್ಲಿ ಮೊದಲೇ ಬಂದಿದ್ದ ಭಾರತೀಯರು ಕೈದಿಗಳು, ಬಂಗಾಳ ಮತ್ತು ಮುಂಬೈ ಕಡೆಯಿಂದ ಗಡೀಪಾರಾಗಿ ಬಂದು ರಸ್ತೆ ಕೆಲಸ ಮಾಡುತ್ತಿದ್ದವರು. 1836ರಲ್ಲಿ ಚಾರ್ಲ್ಸ್ ಡಾರ್ವಿನ್ ಹಡಗು ಅಲ್ಲಿ ನಿಂತಾಗ ಅವರನ್ನು ನೋಡಿ, ಎಂಥ ಗಂಭೀರ ಮುಖದ ಜನ ಅಂತ ಬೆರಗಾಗಿ ಬರೆದಿದ್ದಾನೆ.

1834ರ ನವೆಂಬರ್ 2ರಂದು 'ಅಟ್ಲಾಸ್' ಅನ್ನೋ ಹಡಗು ಕಲ್ಕತ್ತಾದಿಂದ 36 ಜನರನ್ನು ತಂದಿಳಿಸಿತು. ಬ್ರಿಟಿಷರು ಇದನ್ನು 'ಮಹಾ ಪ್ರಯೋಗ' ಅಂತ ಕರೆದರು. ಗುಲಾಮರ ಬದಲು ಕರಾರಿನ ಕೂಲಿಗಳಿಂದ ಕಬ್ಬು ಬೆಳೆಯಬಹುದಾ ನೋಡೋಣ ಅಂತ. ಪ್ರಯೋಗ ಮಾಲೀಕರಿಗೆ ಎಷ್ಟು ಚೆನ್ನಾಗಿ ಕೂತಿತು ಅಂದ್ರೆ ಮುಂದೆ ಟ್ರಿನಿಡಾಡ್, ಗಯಾನಾ, ಫಿಜಿ, ದಕ್ಷಿಣ ಆಫ್ರಿಕಾದಲ್ಲೆಲ್ಲ ಇದನ್ನೇ ಮಾಡಿದರು. ಫಿಜಿಯವರು ಈ ಕರಾರನ್ನು 'ಗಿರ್ಮಿಟ್' ಅಂತಾರೆ, ಅಗ್ರಿಮೆಂಟ್ ಅನ್ನೋದು ನಾಲಿಗೆ ತಿರುಗದೆ ಹಾಗಾದದ್ದು. ನಮ್ಮ ಹುಬ್ಬಳ್ಳಿಯ ಮಂಡಕ್ಕಿ ಗಿರಮಿಟ್‌ಗೂ ಅದಕ್ಕೂ ಸಂಬಂಧ ಇಲ್ಲ, ಪ್ರತಿ ಸಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ.

ಇಪ್ಪತ್ತನೇ ಶತಮಾನದ ಶುರುವಿನವರೆಗೆ ಹೀಗೆ ಬಂದವರು ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ. ಸುಮಾರು ಮೂರರಲ್ಲಿ ಎರಡು ಪಾಲು ಜನ ವಾಪಸ್ ಹೋಗಲೇ ಇಲ್ಲ. ಹೆಚ್ಚಿನವರು ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದ ಭೋಜ್‌ಪುರಿ ಮಾತಾಡುವ ಹಳ್ಳಿಗಳವರು. ಮದರಾಸಿನ ಬಂದರಿನಿಂದ ತಮಿಳರು, ತೆಲುಗರು ಹೋದರು. ಮುಂಬೈಯಿಂದ ಕೊಂಕಣದ ಮರಾಠಿಗರು.

ಪೋರ್ಟ್ ಲೂಯಿಯ ಬಂದರಿನಲ್ಲಿ ಅವರು ಇಳಿದ ಜಾಗ ಆಪ್ರವಾಸಿ ಘಾಟ್, ಮೊದಲು ಅದರ ಹೆಸರೇ ಕೂಲಿ ಘಾಟ್. 2006ರಿಂದ ವಿಶ್ವ ಪರಂಪರೆ ತಾಣ. ದೊಡ್ಡ ಕಟ್ಟಡ ನಿರೀಕ್ಷಿಸಿ ಹೋದರೆ ನಿರಾಸೆ ಆಗುತ್ತದೆ. ಹತ್ತಿರದಲ್ಲೇ ಗಾಡಿಗಳು ಭರ್ ಅಂತ ಓಡುತ್ತಿರುತ್ತವೆ, ಈ ಕಡೆ ಕಪ್ಪು ಕಲ್ಲಿನ ಮೋಟು ಗೋಡೆಗಳು, ಸ್ನಾನದ ಜಾಗ, ಆಸ್ಪತ್ರೆಯ ಕೋಣೆ. ಮತ್ತೆ 16 ಕಲ್ಲಿನ ಮೆಟ್ಟಿಲು. ದೋಣಿಯಿಂದ ಇಳಿದ ಪ್ರತಿಯೊಬ್ಬರೂ ಅದನ್ನು ಹತ್ತಿಯೇ ಒಳಗೆ ಬರಬೇಕಿತ್ತು. ನಾನು ಎಣಿಸುತ್ತಾ ಹತ್ತಿದೆ. ಅರ್ಧ ನಿಮಿಷದ ಕೆಲಸ. ತಿಂಗಳುಗಟ್ಟಲೆ ಹಡಗಿನಲ್ಲಿದ್ದು ಕಾಲು ನಡುಗುವವರಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ.

ಸಂಬಳ ಕೊಡ್ತಿದ್ದರು ಅಂದ ಮೇಲೆ ಗುಲಾಮಗಿರಿ ಹೇಗಾಗುತ್ತೆ?

ಎರಡೂ ಒಂದೇ ಅಲ್ಲ. ಕೂಲಿಯ ಮಕ್ಕಳನ್ನು ಮಾರುವ ಹಾಗಿರಲಿಲ್ಲ, ಐದು ವರ್ಷಕ್ಕೆ ಕರಾರು ಮುಗಿಯುತ್ತಿತ್ತು. ಆ ವ್ಯತ್ಯಾಸ ದೊಡ್ಡದು, ಅದನ್ನು ಅಳಿಸಿ ಮಾತಾಡುವುದು ಗುಲಾಮರಾಗಿದ್ದವರಿಗೆ ಮಾಡುವ ಅನ್ಯಾಯ.

ಆದರೆ ಕರಾರಿನ ಒಳಗೆ ನೋಡಿ. ತಿಂಗಳಿಗೆ 5 ರೂಪಾಯಿ, ಜೊತೆಗೆ ಅಕ್ಕಿ, ಬೇಳೆ, ಉಪ್ಪು. ಒಂದು ದಿನ ಕೆಲಸಕ್ಕೆ ಹೋಗದಿದ್ದರೆ ಎರಡು ದಿನದ ಕೂಲಿ ಕಟ್. ಇದಕ್ಕೆ 'ಡಬಲ್ ಕಟ್' ಅಂತಲೇ ಹೆಸರಿತ್ತು. ಜ್ವರ ಬಂದು ಹತ್ತು ದಿನ ಮಲಗಿದರೆ ಆ ತಿಂಗಳ ಲೆಕ್ಕ ನೀವೇ ಹಾಕಿ. ದೂರುಗಳು ಜಾಸ್ತಿಯಾಗಿ 1839ರಲ್ಲಿ ಭಾರತದ ಬ್ರಿಟಿಷ್ ಸರ್ಕಾರವೇ ಕಳಿಸುವುದನ್ನು ನಿಲ್ಲಿಸಿತು, ಮೂರ್ನಾಲ್ಕು ವರ್ಷದಲ್ಲಿ ಮತ್ತೆ ಶುರು ಮಾಡಿತು. 1867ರ ಕಾನೂನು ಇನ್ನೂ ಜೋರು. ಕರಾರು ಮುಗಿಸಿದವರೂ ಫೋಟೊ ಅಂಟಿಸಿದ ಚೀಟಿ ಇಟ್ಟುಕೊಂಡೇ ಓಡಾಡಬೇಕು. ಇಲ್ಲದೆ ಸಿಕ್ಕಿಬಿದ್ದರೆ 'ಅಲೆಮಾರಿ' ಅಂತ ಜೈಲು. ಮತ್ತೆ ಕರಾರಿಗೆ ಹೆಬ್ಬೆಟ್ಟು ಒತ್ತಿಸುವ ಉಪಾಯ ಅಷ್ಟೇ.

ಇದನ್ನು ಬಯಲು ಮಾಡಿದ್ದು ಒಬ್ಬ ಬಿಳಿಯ, ಅದೂ ತೋಟದ ಯಜಮಾನರ ಬಳಗದವನು, ಅಡೋಲ್ಫ್ ದ ಪ್ಲೆವಿಟ್ಜ್. 1871ರಲ್ಲಿ 9,401 ಕೂಲಿಗಳ ಸಹಿ ಇದ್ದ ಅರ್ಜಿ ಸಿದ್ಧ ಮಾಡಿಸಿದ. ಉಳಿದ ಯಜಮಾನರು ಅವನನ್ನು ಬೀದಿಯಲ್ಲಿ ಹೊಡೆದರು, ಗಡೀಪಾರು ಮಾಡಿ ಅಂತ ಕೂಗಿದರು. ಕೊನೆಗೆ ಲಂಡನ್ನಿನಿಂದ ವಿಚಾರಣಾ ಆಯೋಗ ಬಂತು, ಅರ್ಜಿಯಲ್ಲಿದ್ದದ್ದು ಬಹುಪಾಲು ನಿಜ ಅಂತಾಯಿತು.

ಕನ್ನಡಿಗರೂ ಹೋಗಿದ್ದರಾ?

ಆಗ ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದವು, ಧಾರವಾಡ ಮತ್ತು ಬೆಳಗಾವಿ ಮುಂಬೈಗೆ. ಆ ಎರಡೂ ಬಂದರಿನಿಂದ ಹಡಗು ಹೋಗುತ್ತಿದ್ದವು. ಹಾಗಾಗಿ ನಮ್ಮ ಕಡೆಯವರೂ ಕೆಲವರು ಹತ್ತಿರಬಹುದು ಅನ್ನೋದು ನನ್ನ ಊಹೆ ಮಾತ್ರ. ಕನ್ನಡದ್ದು ಅಂತ ಬೇರೆ ಸಮುದಾಯ ಅಲ್ಲಿ ಉಳಿದಿಲ್ಲ. ತೆಲುಗರು ಉಳಿಸಿಕೊಂಡಿದ್ದಾರೆ. ಅವರಿಂದಾಗಿ ಯುಗಾದಿ ಅಲ್ಲಿ ದೇಶಕ್ಕೆಲ್ಲ ಸರ್ಕಾರಿ ರಜೆ. ಮರಾಠಿಗರಿಂದ ಗಣೇಶ ಚೌತಿಗೂ ರಜೆ.

ಅವರ ಹೆಸರುಗಳು ಯಾಕೆ ಹಾಗೆ? ಜಗನ್ನಾಥ ಅಂತ ಬರೆಯೋಕೆ ಏನು ಕಷ್ಟ?

ಬರೆದವರು ಅವರಲ್ಲ. ಬಂದರಿನ ಗುಮಾಸ್ತ ಕಿವಿಗೆ ಬಿದ್ದಂತೆ ರಿಜಿಸ್ಟರಿನಲ್ಲಿ ಗೀಚಿದ. ಶಿವಸಾಗರ 'ಸೀವೂಸಾಗುರ್' ಆದ, ವಿಷ್ಣುದಯಾಳ 'ಬಿಸ್ಸೂನ್‌ದೋಯಾಲ್' ಆದ, ಅನಿರುದ್ಧ 'ಅನೆರೂಡ್' ಆದ. ಅಪ್ಪನ ಹೆಸರೇ ಮುಂದೆ ಮನೆತನದ ಹೆಸರಾಯಿತು. ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಾಗಿ ಅದನ್ನು ತಿದ್ದಿಸಲು ಅಲೆದವರಿಗೆ ಇದು ಅರ್ಥವಾಗುತ್ತದೆ. ಇವರು ತಿದ್ದಿಸಲಿಲ್ಲ, ಐದಾರು ತಲೆಮಾರು ಅದನ್ನೇ ಹೊತ್ತು ಅದೇ ಅವರದ್ದಾಯಿತು. ಆ ರಿಜಿಸ್ಟರುಗಳು ಮೋಕಾ ಊರಿನ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟಿನಲ್ಲಿವೆ. ಹೆಸರು, ಅಪ್ಪನ ಹೆಸರು, ಜಾತಿ, ಊರು, ಎತ್ತರ, ಮೈಮೇಲಿನ ಗುರುತು ಎಲ್ಲಾ ಸಿಗುತ್ತದೆ.

ಹಾಗಾದ್ರೆ 'ಮಿನಿ ಇಂಡಿಯಾ' ಅನ್ನಬಹುದಲ್ವಾ?

ನನ್ನ ತಕರಾರು ಇದೇ. ಅರ್ಧಕ್ಕರ್ಧ ಜನ ಹಿಂದೂಗಳು, ಸರಿ. ಮೂರರಲ್ಲಿ ಒಂದು ಪಾಲಿನಷ್ಟು ಕ್ರೈಸ್ತರು, ಆರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಮುಸ್ಲಿಮರು, ಹಳ್ಳಿ ಹಳ್ಳಿಯಲ್ಲಿ ಅಂಗಡಿ ಇಟ್ಟು ಸಾಲ ಕೊಟ್ಟು ಬೆಳೆದ ಚೀನೀಯರು. ಆಫ್ರಿಕಾದಿಂದ ಬಂದ ಗುಲಾಮರ ಮಕ್ಕಳ ದೇಶವೂ ಅದೇ. 'ನಮ್ಮವರೇ' ಅಂತ ನಾವು ಹೆಮ್ಮೆಪಡುವಾಗ ಇವರೆಲ್ಲ ಚಿತ್ರದಿಂದ ಮಾಯವಾಗುತ್ತಾರೆ.

ಇನ್ನು ಭಾರತೀಯ ಮೂಲದವರೂ ನಾವಂದುಕೊಂಡ ಹಾಗಿಲ್ಲ. ಗ್ರಾಂಡ್ ಬಸ್ಸಾಂ ಅನ್ನೋ ಬೆಟ್ಟದ ಕೆರೆಗೆ 1898ರಲ್ಲಿ ತ್ರಿಯೋಲೆ ಊರಿನ ಒಬ್ಬರು ಜನರನ್ನು ಕರೆದುಕೊಂಡು ಶಿವರಾತ್ರಿಗೆ ನಡೆದು ಹೋದರು. 1972ರಲ್ಲಿ ಗಂಗಾಜಲ ತಂದು ಸುರಿದು ಅದನ್ನು ಗಂಗಾ ತಲಾವ್ ಮಾಡಿದರು. ಈಗ ಶಿವರಾತ್ರಿ ಬಂತು ಅಂದ್ರೆ ಲಕ್ಷಗಟ್ಟಲೆ ಜನ ಬಿಳಿ ಬಟ್ಟೆ ಹಾಕಿ, ಬಿದಿರಿನಲ್ಲಿ ಕಟ್ಟಿದ ಕಾಂವರ್ ಹೊತ್ತು ರಸ್ತೆಯಲ್ಲಿ ನಡೆಯುತ್ತಾರೆ. ದಾರಿಯುದ್ದಕ್ಕೂ ನೀರು, ತಿಂಡಿ ಕೊಡುವವರಲ್ಲಿ ಎಲ್ಲಾ ಧರ್ಮದವರೂ ಇರುತ್ತಾರೆ. ಅಲ್ಲಿನ ಶಿವನ ವಿಗ್ರಹ 33 ಮೀಟರ್, ನಮ್ಮ ಮುರುಡೇಶ್ವರದ್ದಕ್ಕಿಂತ ಸ್ವಲ್ಪ ಗಿಡ್ಡ. ಆದರೆ ಆ ನಡೆಯುವ ಜನ ದಾರಿಯಲ್ಲಿ ಮಾತಾಡುವುದು ಕ್ರಿಯೋಲ್, ಅಂದ್ರೆ ಆ ದ್ವೀಪದಲ್ಲೇ ಹುಟ್ಟಿದ ಭಾಷೆ. ಅವರ ಊರು ಅದು. ನಮ್ಮನ್ನು ಟೂರಿಸ್ಟ್ ಅಂತಲೇ ನೋಡುತ್ತಾರೆ, ಹಾಗೆ ನೋಡುವುದು ಸರಿಯೂ ಹೌದು.

ಜಾತಿ ಇದೆಯಾ?

ಕಡಲು ದಾಟಿದಾಗ ಸಡಿಲವಾಯಿತು, ಹೋಗಲಿಲ್ಲ. ಮದುವೆ ಮಾತುಕತೆಯಲ್ಲೂ ಚುನಾವಣೆ ಟಿಕೆಟ್ ಹಂಚುವಾಗಲೂ ಲೆಕ್ಕಕ್ಕೆ ಬರುತ್ತದೆ. ಬೇರೆ ಎಲ್ಲೂ ಹೀಗಿಲ್ಲವೇನೋ ಅನ್ನೋ ಥರ ನಾವು ಮುಖ ಮಾಡಬೇಕಾಗಿಲ್ಲ.

ಯಾವ ಭಾಷೆ ಮಾತಾಡ್ತಾರೆ? ಹಿಂದಿ ನಡೆಯುತ್ತಾ?

ಪಾರ್ಲಿಮೆಂಟಿನ ಅಧಿಕೃತ ಭಾಷೆ ಇಂಗ್ಲಿಷ್, ಪತ್ರಿಕೆಗಳು ಫ್ರೆಂಚಿನಲ್ಲಿ, ಮನೆ ಮತ್ತು ಬೀದಿ ಕ್ರಿಯೋಲಿನಲ್ಲಿ. ಮಕ್ಕಳ ಪಾಠದ ಪುಸ್ತಕ ಇಂಗ್ಲಿಷ್, ಟೀಚರ್ ಬಿಡಿಸಿ ಹೇಳುವುದು ಕ್ರಿಯೋಲ್ ಅಥವಾ ಫ್ರೆಂಚಿನಲ್ಲಿ. ಕ್ರಿಯೋಲ್ ಗುಲಾಮರ ಕಾಲದಲ್ಲಿ ಹುಟ್ಟಿದ ಭಾಷೆ, ಪದಗಳು ಹೆಚ್ಚಾಗಿ ಫ್ರೆಂಚ್, ವ್ಯಾಕರಣ ಬೇರೆ. 'ಕಿ ಮಾನ್ಯೇರ್?' ಅಂದ್ರೆ ಹೇಗಿದ್ದೀರಿ. ಹೊರಡುವಾಗ 'ಸಲಾಂ' ಅಂತಾರೆ, ಬಂದಾಗ ಅಲ್ಲ. ಎಲ್ಲರೂ ಮಾತಾಡುವ ಈ ಭಾಷೆ ಪ್ರಾಥಮಿಕ ಶಾಲೆಗೆ ಒಂದು ವಿಷಯವಾಗಿ ಬಂದದ್ದೇ 2012ರಲ್ಲಿ. ಭೋಜ್‌ಪುರಿ ಅಜ್ಜಿಯರ ಹತ್ತಿರ ಉಳಿದಿದೆ, ಮದುವೆ ಹಾಡಿನಲ್ಲಿ ಉಳಿದಿದೆ. ಹಿಂದಿ ಸಿನಿಮಾ ನೋಡಿ ಅರ್ಥ ಮಾಡಿಕೊಳ್ಳುವವರು ಸಿಗುತ್ತಾರೆ.

ಭಾಷೆ ಎಷ್ಟು ಸೂಕ್ಷ್ಮ ಅಂತ ತಿಳಿಯಬೇಕಾದರೆ ಅಲ್ಲಿನ ನೋಟು ನೋಡಿ. 1998ರಲ್ಲಿ ಹೊಸ ನೋಟು ಬಂದಾಗ ತಮಿಳಿಗಿಂತ ಮೇಲೆ ಹಿಂದಿ ಅಚ್ಚಾಗಿತ್ತು. ಮೊದಲು ಬಂದವರು ನಾವು ಅಂತ ತಮಿಳರು ಬೀದಿಗಿಳಿದರು. ನೋಟುಗಳನ್ನು ವಾಪಸ್ ತಗೊಂಡು ಹೊಸದಾಗಿ ಅಚ್ಚು ಹಾಕಿಸಬೇಕಾಯಿತು. ಅಂದಹಾಗೆ ಅಲ್ಲಿನ ದುಡ್ಡಿನ ಹೆಸರೂ ರೂಪಾಯಿಯೇ, ಕೂಲಿಗಳ ಜೊತೆ ಹೋದದ್ದು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಚರಿತ್ರೆ ಬರೆಯಲು ಕೂತರೂ ಈ ಪ್ರಶ್ನೆ ತಪ್ಪುವುದಿಲ್ಲ! ದಾಲ್ ಪುರಿ ಸಿಗುತ್ತದೆ. ಹೋಳಿಗೆಯಂತೆಯೇ ಕಡಲೆಬೇಳೆ ಬೇಯಿಸಿ ಪುಡಿ ಮಾಡಿ ಒಳಗೆ ತುಂಬಿ ತೆಳ್ಳಗೆ ಲಟ್ಟಿಸಿದ್ದು, ಬೆಲ್ಲದ ಬದಲು ಉಪ್ಪು ಮತ್ತು ಜೀರಿಗೆ. ಬೀದಿಯ ಗಾಡಿಯಲ್ಲಿ ಒಂದು ಕೊಡುವುದೇ ಇಲ್ಲ, ಜೋಡಿ ಲೆಕ್ಕ. ಮೇಲೆ ಅವರೆಯಂಥ ಬಿಳಿ ಕಾಳಿನ ಪಲ್ಯ, ಟೊಮೆಟೊದ ರೂಗಾಯ್, ಹಸಿಮೆಣಸಿನ ಚಟ್ನಿ ಸವರಿ, ಸುತ್ತಿ, ಕಾಗದದಲ್ಲಿ ಕೊಡುತ್ತಾರೆ. ಸಾಲಿನಲ್ಲಿ ಬ್ಯಾಂಕಿನ ಮ್ಯಾನೇಜರಿಂದ ಗಾರೆ ಕೆಲಸದವರವರೆಗೆ ಎಲ್ಲಾ ಬಣ್ಣದ, ಎಲ್ಲಾ ಧರ್ಮದ ಜನ. 'ಗಾತೊ ಪಿಮಾ' ಅಂತ ಫ್ರೆಂಚ್ ಹೆಸರು ಕೇಳಿ ಕೇಕು ಅಂದುಕೊಂಡೆ, ಕೈಗೆ ಬಂದದ್ದು ನಮ್ಮ ಮಸಾಲೆ ವಡೆಯ ತಂಗಿ.

ಕೂಲಿಗಳ ಮಕ್ಕಳು ಪ್ರಧಾನಿ ಆದದ್ದು ಹೇಗೆ?

ಮೊದಲು ಜಮೀನು. ಬೀಟ್ ಸಕ್ಕರೆ ಬಂದು ಬೆಲೆ ಬಿದ್ದಾಗ ತೋಟದ ಮಾಲೀಕರು ಕೊನೆಯ ಅಂಚಿನ ಕಲ್ಲುನೆಲವನ್ನು ತುಂಡು ತುಂಡಾಗಿ ಮಾರಿದರು. ಕೂಲಿಗಳು ಕೂಡಿಟ್ಟ ಕಾಸು ಕೊಟ್ಟು ಕೊಂಡರು. ಗದ್ದೆಗಳ ನಡುವೆ ಇವತ್ತಿಗೂ ಕಪ್ಪು ಕಲ್ಲಿನ ದೊಡ್ಡ ದೊಡ್ಡ ರಾಶಿಗಳು ಪಿರಮಿಡ್ಡಿನಂತೆ ನಿಂತಿವೆ. ಜ್ವಾಲಾಮುಖಿಯ ಕಲ್ಲು ಅದು, ಒಂದೊಂದನ್ನೂ ಕೈಯಲ್ಲಿ ಹೆಕ್ಕಿ ಪೇರಿಸಿದ್ದು.

ಆಮೇಲೆ ಓದು. 1901ರಲ್ಲಿ ಗಾಂಧಿ ದಕ್ಷಿಣ ಆಫ್ರಿಕಾದಿಂದ ಬರುವಾಗ ಹಡಗು ನಿಂತು ಕೆಲವು ದಿನ ಅಲ್ಲಿದ್ದರು, ಮಕ್ಕಳನ್ನು ಓದಿಸಿ, ರಾಜಕೀಯಕ್ಕೆ ಬನ್ನಿ ಅಂತ ಹೇಳಿ ಹೋದರು. 1907ರಲ್ಲಿ ಮಣಿಲಾಲ್ ಡಾಕ್ಟರ್ ಅನ್ನೋ ವಕೀಲರು ಬಂದು ಕೂಲಿಗಳ ಕೇಸು ನಡೆಸಿದರು. 1936ರಲ್ಲಿ ಲೇಬರ್ ಪಾರ್ಟಿ ಕಟ್ಟಿದ ಮೋರಿಸ್ ಕ್ಯೂರೆ ಕ್ರಿಯೋಲ್ (ಆಫ್ರಿಕಾ ಅಥವಾ ಮಿಶ್ರ ಮೂಲದವರನ್ನೂ ಹೀಗೇ ಕರೆಯುತ್ತಾರೆ) ಡಾಕ್ಟರು, ಇದನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ. 1943ರಲ್ಲಿ ಬೆಲ್ ವ್ಯೂ ಹರೆಲ್ ತೋಟದಲ್ಲಿ ಕೂಲಿ ಜಾಸ್ತಿ ಕೇಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಅಂಜಲೆ ಕೂಪನ್ ಅನ್ನೋ ಬಸುರಿ ಹೆಂಗಸು ಇದ್ದರು. ಅಲ್ಲಿನ ಒಂದು ದೊಡ್ಡ ಸ್ಟೇಡಿಯಂಗೆ ಅವರ ಹೆಸರಿದೆ.

1948ರ ಚುನಾವಣೆಯಲ್ಲಿ ಓದು ಬರಹ ಬಂದವರಿಗೆ ಮತ ಅಂತಾಯಿತು, ಹಿಂದಿ ತಮಿಳು ಬಂದರೂ ಸಾಕು. ಸಮಾಜ ಸುಧಾರಕ ಬಾಸ್‌ದೇವ್ ಬಿಸ್ಸೂನ್‌ದೋಯಾಲ್ ಅವರ ಕಾರ್ಯಕರ್ತರು ಸಂಜೆ ದೀಪದ ಬೆಳಕಿನಲ್ಲಿ ಹಳ್ಳಿಯವರಿಗೆ ಅಕ್ಷರ ಕಲಿಸಿದರು. ಮುಂದೆ ಎಲ್ಲರಿಗೂ ಮತ ಬಂತು. ಲೇಬರ್ ಪಾರ್ಟಿಯ ಸೀವೂಸಾಗುರ್ ರಾಮ್‌ಗೂಲಾಂ ಮೊದಲ ಪ್ರಧಾನಿ ಆದರು.

ಸ್ವಾತಂತ್ರ್ಯ ಎಲ್ಲರಿಗೂ ಬೇಕಿತ್ತಾ?

ಇಲ್ಲ. 1967ರ ಚುನಾವಣೆಯಲ್ಲಿ ಶೇಕಡ 44ರಷ್ಟು ಮತ ವಿರುದ್ಧ ಬಿತ್ತು. ಹಿಂದೂಗಳ ಆಳ್ವಿಕೆ ಬಂದರೆ ನಮ್ಮ ಗತಿ ಏನು ಅನ್ನೋ ಹೆದರಿಕೆ ಅಲ್ಪಸಂಖ್ಯಾತರಲ್ಲಿತ್ತು. 1968ರ ಜನವರಿಯಲ್ಲಿ ಪೋರ್ಟ್ ಲೂಯಿಯಲ್ಲಿ ಗಲಭೆ ಆಗಿ ಬ್ರಿಟಿಷ್ ಸೈನಿಕರು ಇಳಿಯಬೇಕಾಯಿತು. ಮಾರ್ಚ್ 12ಕ್ಕೆ ಬಾವುಟ ಹಾರಿತು. ದಂಡಿ ಯಾತ್ರೆ ಹೊರಟ ದಿನ ಅದು. ಬಹಳ ಜನ ಕ್ರಿಯೋಲರು, ಬಿಳಿಯರು ಆ ಹೊತ್ತಿನಲ್ಲಿ ಆಸ್ಟ್ರೇಲಿಯಾ, ಯುರೋಪಿಗೆ ಹೊರಟುಹೋದರು. 1992ರಲ್ಲಿ ದೇಶ ಗಣರಾಜ್ಯ ಆಯಿತು.

ಡಿಯೆಗೊ ಗಾರ್ಸಿಯಾ ಅವರದ್ದೇ ಅಲ್ವಾ?

ಸ್ವಾತಂತ್ರ್ಯಕ್ಕೆ ಮೂರು ವರ್ಷ ಮೊದಲು, 1965ರಲ್ಲಿ, ಡಿಯೆಗೊ ಗಾರ್ಸಿಯಾ ಸೇರಿದ ಚಾಗೋಸ್ ದ್ವೀಪಗಳನ್ನು ಬ್ರಿಟನ್ 30 ಲಕ್ಷ ಪೌಂಡ್ ಕೊಟ್ಟು ಬೇರೆ ಮಾಡಿತು. ಅಮೆರಿಕದ ಸೇನಾ ನೆಲೆಗಾಗಿ ಅಲ್ಲಿದ್ದವರನ್ನು 1973ರೊಳಗೆ ಪೂರ್ತಿ ಎಬ್ಬಿಸಿ ಹಡಗು ಹತ್ತಿಸಿದರು. ಅವರೂ ಗುಲಾಮರ ಮಕ್ಕಳೇ, ಎರಡನೇ ಸಲ ಹಡಗು. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಇದು ತಪ್ಪು ಅಂತ ಅಭಿಪ್ರಾಯ ಕೊಟ್ಟಿತು, 2025ರ ಮೇನಲ್ಲಿ ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ನೆಲೆ ಇರುವ ದ್ವೀಪ ಮಾತ್ರ 99 ವರ್ಷ ಬಾಡಿಗೆಗೆ ಅನ್ನೋದು ಅದರ ಷರತ್ತು.

ಬರೀ ಕಬ್ಬು ಇದ್ದ ದೇಶ ಇಷ್ಟು ಮುಂದೆ ಬಂದದ್ದು ಹೇಗೆ?

1961ರಲ್ಲಿ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಬಂದು ನೋಡಿ, ಈ ದ್ವೀಪ ಉದ್ಧಾರ ಆಗುವುದು ಕಷ್ಟ ಅನ್ನೋ ಥರ ವರದಿ ಕೊಟ್ಟರು. ಅವರಿಗೆ ಮುಂದೆ ನೊಬೆಲ್ ಬಂತು, ಭವಿಷ್ಯ ಮಾತ್ರ ಸುಳ್ಳಾಯಿತು. 1975ರಿಂದ ಯುರೋಪ್ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಸಕ್ಕರೆಯನ್ನು ಮಾರುಕಟ್ಟೆಗಿಂತ ಒಳ್ಳೆ ಬೆಲೆಗೆ ಕೊಂಡಿತು. 1970ರಲ್ಲಿ ರಫ್ತಿನ ಕಾರ್ಖಾನೆಗಳಿಗೆ ತೆರಿಗೆ ವಿನಾಯಿತಿ ಕೊಡುವ ಕಾನೂನು ಬಂದಿತ್ತು, ಹಾಂಕಾಂಗ್‌ನವರು ಬಂದು ಗಾರ್ಮೆಂಟ್ ಫ್ಯಾಕ್ಟರಿ ಹಾಕಿದರು, ಸಕ್ಕರೆಯಲ್ಲಿ ದುಡಿದ ಸ್ಥಳೀಯರೂ ಅದರಲ್ಲಿ ದುಡ್ಡು ಹಾಕಿದರು. ವರ್ಷವಿಡೀ ಬೆವರುವ ದ್ವೀಪ ಉಣ್ಣೆ ಸ್ವೆಟರ್ ರಫ್ತಿನಲ್ಲಿ ಹೆಸರು ಮಾಡಿತು. ಹೊಲಿದವರು ಹೆಂಗಸರು, ಮೊದಲ ಸಲ ಕೈಯಲ್ಲಿ ಸ್ವಂತ ಸಂಬಳ ಕಂಡವರು, ನಮ್ಮ ಪೀಣ್ಯದ ಹುಡುಗಿಯರ ಹಾಗೆ. 1970ರ ದಶಕದಲ್ಲೇ ಹೈಸ್ಕೂಲು ಓದು ಉಚಿತವಾಯಿತು.

ಜನ ಇದನ್ನು 'ಪವಾಡ' ಅಂತಾರೆ. ನನಗೆ ಆ ಪದ ಅಷ್ಟಾಗಿ ಹಿಡಿಸುವುದಿಲ್ಲ. ಸ್ಥಳೀಯರು ಆ ಸಂಬಳಕ್ಕೆ ಒಲ್ಲೆ ಅಂದಾಗ ಫ್ಯಾಕ್ಟರಿಗಳು ಚೀನಾ, ಬಾಂಗ್ಲಾದೇಶದಿಂದ ಕರಾರಿನ ಮೇಲೆ ಕೆಲಸದವರನ್ನು ತಂದವು. ಡಾರ್ಮಿಟರಿ ವಾಸ, ಇಷ್ಟು ವರ್ಷ ಅಂತ ಒಪ್ಪಂದ. ಕೂಲಿ ಘಾಟ್ ಇರುವ ಊರಿನಲ್ಲೇ ನೋಡಿ.

'ಮಾರಿಷಸ್ ರೂಟ್' ಅಂದ್ರೆ ಏನು?

1982ರಲ್ಲಿ ಭಾರತ ಮತ್ತು ಮಾರಿಷಸ್ ಒಂದೇ ಲಾಭಕ್ಕೆ ಎರಡು ಸಲ ತೆರಿಗೆ ಬೇಡ ಅಂತ ಒಪ್ಪಂದ ಮಾಡಿಕೊಂಡವು. ಭಾರತದ ಷೇರು ಮಾರಿ ಬಂದ ಲಾಭಕ್ಕೆ ಮಾರಿಷಸ್ ಕಂಪನಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಲ್ಲೂ ಇಲ್ಲ. 1991ರ ನಂತರ ಎಲ್ಲರೂ ಪೋರ್ಟ್ ಲೂಯಿಯಲ್ಲೊಂದು ಬೋರ್ಡ್ ಹಾಕಿ ಆ ದಾರಿಯಲ್ಲಿ ದುಡ್ಡು ತಂದರು. ಹಾಗಾಗಿ ವರ್ಷಗಟ್ಟಲೆ ಭಾರತಕ್ಕೆ ಅತಿ ಹೆಚ್ಚು ವಿದೇಶಿ ಬಂಡವಾಳ ಕೊಡುವ ದೇಶ ಕಾಗದದಲ್ಲಿ ಇದೇ ಆಗಿತ್ತು. 2016ರಲ್ಲಿ ತಿದ್ದಿ, 2017ರ ಏಪ್ರಿಲ್‌ನಿಂದ ಕೊಂಡ ಷೇರಿಗೆ ತೆರಿಗೆ ಬಂತು.

ಗುಲಾಮರಾಗಿದ್ದವರ ಮಕ್ಕಳು ಈಗ ಹೇಗಿದ್ದಾರೆ?

ಹಿಂದೆ ಬಿದ್ದಿದ್ದಾರೆ, ಬಹಳ ಜನ. ಅವರ ಹಾಡು ಕುಣಿತ ಸೆಗಾ ಮಾತ್ರ ಎಲ್ಲಾ ಹೋಟೆಲಿನಲ್ಲೂ ಇದೆ. ಆಡಿನ ಚರ್ಮ ಬಿಗಿದ ರಾವಾನ್ ಅನ್ನೋ ಅಗಲದ ವಾದ್ಯವನ್ನು ಬೆಂಕಿಗೆ ಹಿಡಿದು ಕಾಯಿಸಿ ಬಾರಿಸುತ್ತಾರೆ, ನಮ್ಮ ತಮಟೆಯವರು ಮಾಡುವ ಹಾಗೆಯೇ. ಸೆಗಾಕ್ಕೆ ಜಮೈಕಾದ ರೆಗೆ ಸಂಗೀತ ಸೇರಿಸಿ 'ಸೆಗ್ಗೆ' ಹಾಡಿದ ಕಾಯಾ 1999ರ ಫೆಬ್ರವರಿಯಲ್ಲಿ ಪೊಲೀಸ್ ಲಾಕಪ್ಪಿನಲ್ಲಿ ಸತ್ತರು. ಮೂರ್ನಾಲ್ಕು ದಿನ ದ್ವೀಪ ಹೊತ್ತಿ ಉರಿಯಿತು. 'ಪವಾಡ'ದಲ್ಲಿ ತಮಗೆ ಪಾಲು ಸಿಗಲಿಲ್ಲ ಅನ್ನೋ ಸಿಟ್ಟು ಅದು. 2009ರಲ್ಲಿ ಸತ್ಯ ಮತ್ತು ನ್ಯಾಯ ಆಯೋಗ ಕೂತು, 1638ರಿಂದ ಈಚಿನ ಗುಲಾಮಗಿರಿ, ಕೂಲಿ, ಕಳೆದುಕೊಂಡ ಜಮೀನು ಎಲ್ಲವನ್ನೂ ಕೇಳಿಸಿಕೊಂಡು 2011ರಲ್ಲಿ ವರದಿ ಕೊಟ್ಟಿತು. ಫೆಬ್ರವರಿ 1 ಮತ್ತು ನವೆಂಬರ್ 2 ಎರಡೂ ಸರ್ಕಾರಿ ರಜೆ. ಜಮೀನು ಮಾತ್ರ ಹೆಚ್ಚಾಗಿ ಹಳೆ ಮನೆತನಗಳ ಕೈಯಲ್ಲೇ ಇದೆ.

ಈಗಲೂ ಕಬ್ಬು ಬೆಳೀತಾರಾ?

ಬೆಳೆಯುತ್ತಾರೆ, ಕಮ್ಮಿ. ಯುರೋಪ್ 2006ರಿಂದ ಬೆಲೆಯನ್ನು ಶೇಕಡ 36ರಷ್ಟು ಇಳಿಸಿತು, 2009ಕ್ಕೆ ಹಳೆ ಒಪ್ಪಂದವೇ ಮುಗಿಯಿತು. ಹಿಂದೆ ಇನ್ನೂರಕ್ಕೂ ಜಾಸ್ತಿ ಇದ್ದ ಕಾರ್ಖಾನೆಗಳು ಈಗ ಬೆರಳೆಣಿಕೆಯಷ್ಟು. ಸಿಪ್ಪೆ ಉರಿಸಿ ಕರೆಂಟ್ ಮಾಡುತ್ತಾರೆ. ಸಣ್ಣ ಹಿಡುವಳಿಯವರ ಮಕ್ಕಳು ಗದ್ದೆಗೆ ಇಳಿಯುವುದಿಲ್ಲ, ಮುತ್ತಜ್ಜ ಕಲ್ಲು ಹೆಕ್ಕಿದ ಹೊಲದಲ್ಲಿ ಹುಲ್ಲು ಬೆಳೆದಿದೆ.

2020ರ ಜುಲೈನಲ್ಲಿ ವಾಕಾಶಿಯೊ ಅನ್ನೋ ಹಡಗು ಆಗ್ನೇಯ ಕರಾವಳಿಯ ಹವಳದ ದಿಬ್ಬಕ್ಕೆ ಬಡಿದು, ಕೆಲವು ದಿನದಲ್ಲಿ ಸುಮಾರು 1,000 ಟನ್ ಎಣ್ಣೆ ಸಮುದ್ರಕ್ಕೆ ಸೋರಿತು. ಸರ್ಕಾರ ಏನು ಮಾಡುತ್ತದೋ ಅಂತ ಜನ ಕಾಯಲಿಲ್ಲ. ಮಾಹೆಬೂರ್ ಊರಿನ ದಡದಲ್ಲಿ ಸಾಲಾಗಿ ಕೂತು ಬಟ್ಟೆಯ ಉದ್ದುದ್ದ ಚೀಲ ಹೊಲಿದರು. ಸಲೂನಿನವರು ಕೂದಲು ಕತ್ತರಿಸಿ ಕಳಿಸಿದರು. ಗದ್ದೆಗಳಿಂದ ಲೋಡುಗಟ್ಟಲೆ ಕಬ್ಬಿನ ಒಣ ರವದಿ ಬಂತು. ಅದನ್ನು ಚೀಲಕ್ಕೆ ತುರುಕಿ, ಬಾಯಿ ಕಟ್ಟಿ, ಸೊಂಟದ ಮಟ್ಟ ನೀರಿಗಿಳಿದು ಎಣ್ಣೆಗೆ ಅಡ್ಡ ಹಾಕಿದರು. ಮೊಣಕೈವರೆಗೆ ಕಪ್ಪಾಗಿದ್ದ ಆ ಸಾಲಿನಲ್ಲಿ ಯಾರ ಅಜ್ಜ ಯಾವ ಹಡಗಿನಲ್ಲಿ ಬಂದಿದ್ದ ಅಂತ ಯಾರೂ ಕೇಳುತ್ತಿರಲಿಲ್ಲ, ರವದಿ ಇನ್ನೂ ಇದೆಯಾ ಅಂತ ಕೇಳುತ್ತಿದ್ದರು.